ಒರೆಗಲ್ಲಾದ ಮುಂಗೈ

ಬಂಗಾರಪೇಟೆಯ ರೈಲುನಿಲ್ದಾಣದ ಹೊರಗೆ, ಬೆಂಗಳೂರಿನಿಂದ ಬಂದ ಸಂಜೆಯ ಗಾಡಿಯ ಜನ ಇಳಿದು ಚದುರುವ ಹೊತ್ತಿಗೆ, ತಳ್ಳುಗಾಡಿಯೊಂದರ ಮೇಲೆ ಮುಖಾಲಂಕಾರದ ಕುಂಚಗಳನ್ನೂ ಕಾಡಿಗೆಯ ಕಡ್ಡಿಗಳನ್ನೂ ಸಣ್ಣ ಸಣ್ಣ ಕ್ರೀಮಿನ ಡಬ್ಬಿಗಳನ್ನೂ ಹರಡಿಕೊಂಡಿದ್ದ ವ್ಯಾಪಾರಿಯ ಮುಂದೆ ನನ್ನ ತಂಗಿಯ ಮಗಳು ನಿಂತಳು. ಕೆನ್ನೆಗೆ ಪೌಡರು ಸವರುವ ದಪ್ಪ ಕುಂಚವೊಂದನ್ನು ಎತ್ತಿಕೊಂಡು, ಅದರ ಕೂದಲನ್ನು ಎಡ ಅಂಗೈಯ ಮೇಲೆ ನಾಲ್ಕಾರು ಸಲ ಹಿಂದಕ್ಕೂ ಮುಂದಕ್ಕೂ ಉಜ್ಜಿ, ಅಂಗೈಯಲ್ಲಿ ಉಳಿದ ಎಳೆಗಳನ್ನು ದೀಪದ ಬೆಳಕಿಗೆ ಹಿಡಿದು ಎಣಿಸಿ, "ಅಣ್ಣಾ, ಇಲ್ಲೇ ಮೂರು ಕೂದ್ಲು ಉದುರೋಯ್ತು, ಮನೆಗೆ ಹೋಗೋಷ್ಟ್ರಲ್ಲಿ ಹಿಡಿ ಒಂದೇ ಉಳಿಯುತ್ತೆ" ಎಂದು ಅದನ್ನು ಕೆಳಗಿಟ್ಟಳು. ವ್ಯಾಪಾರಿ ಸಿಟ್ಟಾಗಲಿಲ್ಲ, ಗಾಡಿಯ ಕೆಳಗಿನ ಚೀಲದಿಂದ ಬೇರೊಂದು ಕಟ್ಟನ್ನು ತೆಗೆದು, "ಇದು ನೋಡಮ್ಮ, ಇದು ಉದುರಲ್ಲ" ಎಂದನು. ಆ ಕ್ಷಣದಲ್ಲಿ ನನಗೆ ನೆನಪಾದವರು, ಇದೇ ಊರಿನ ಸಂತೆಯಲ್ಲಿ, ಹಿರಿಯರ ಬಾಯಲ್ಲಿ ಈ ಊರು ಇನ್ನೂ ಬೌರಿಂಗ್‌ಪೇಟೆಯಾಗಿಯೇ ಇದ್ದ ಕಾಲದಲ್ಲಿ, ಕುಂಕುಮದ ಅಂಗಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಇದೇ ಬಗೆಯ ಪರೀಕ್ಷೆಯನ್ನು ನಡೆಸುತ್ತಿದ್ದ ನನ್ನ ಅಜ್ಜಿ.

ಅಜ್ಜಿಯ ಪರೀಕ್ಷಾಸ್ಥಾನವು ಅಂಗೈಯಲ್ಲ, ಮುಂಗೈಯ ಒಳಭಾಗ. ಬಿಸಿಲು ಬೀಳದ, ಕೆಲಸದ ಗಡಸು ತಾಗದ, ಎಳೆಯ ಮಗುವಿನ ಚರ್ಮದಂತೆ ತೆಳುವಾಗಿ ಉಳಿದಿದ್ದ ಆ ಅಂಗುಲದಷ್ಟು ಜಾಗದಲ್ಲಿ ಒಂದು ಚಿಟಿಕೆ ಕುಂಕುಮವನ್ನು ಹನಿ ನೀರಿನಿಂದ ತೊಯಿಸಿ ತಿಕ್ಕಿ, ಸೆರಗಿನಿಂದ ಒರೆಸಿ, ಉಳಿದ ಛಾಯೆಯನ್ನು ಬಹಳ ಹೊತ್ತು ನೋಡುತ್ತಿದ್ದರು. ಒಳ್ಳೆಯ ಕುಂಕುಮವೆಂದರೆ ಅರಿಸಿನದ ಕೊಂಬನ್ನು ನಿಂಬೆಯ ರಸ, ಬಿಳಿಗಾರ, ಪಟಿಕಗಳ ಜೊತೆಯಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಕುಟ್ಟಿ ವಸ್ತ್ರಗಾಳಿತ ಮಾಡಿದ ಪುಡಿ. ಕ್ಷಾರದ ಸಂಪರ್ಕದಿಂದ ಅರಿಸಿನವು ಕೆಂಪಾಗುವ ಸ್ವಭಾವವೇ ಅದರ ರಹಸ್ಯ. ಅಂಥ ಕುಂಕುಮವನ್ನು ಒರೆಸಿದ ಮೇಲೆ ಚರ್ಮದಲ್ಲಿ ಹಳದಿಯ ನೆರಳೊಂದು ನಿಲ್ಲುವುದು; ಬಟ್ಟೆಯ ಬಣ್ಣವನ್ನು ಹಿಟ್ಟಿನೊಡನೆ ಕಲಸಿ ಮಾರುವ ಕುಂಕುಮವಾದರೆ ಗುಲಾಬಿಯ ಕಲೆಯುಳಿದು ಮರುದಿನವೂ ಮಾಯವಾಗದು. ಕುಂಕುಮಕ್ಕೆ ಬೇಕಾದ ಈ ಬಿಳಿಗಾರವನ್ನೇ ಅಕ್ಕಸಾಲಿಗನು ಚಿನ್ನ ಕರಗಿಸುವ ಮೂಸೆಗೂ ಹಾಕುವನೆಂಬುದನ್ನು ಬಲ್ಲ ಅಜ್ಜಿ, "ಚಿನ್ನಕ್ಕೆ ಒರೆಗಲ್ಲು, ನಮ್ಮಂಥೋರಿಗೆ ಮುಂಗೈ" ಎನ್ನುತ್ತಿದ್ದರು.

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಅಗೆದ ಆಳವನ್ನೂ ತೆಗೆದ ಚಿನ್ನದ ತೂಕವನ್ನೂ ಬರೆದಿದ್ದಾರೆ. ಒಂದು ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ಸುಮಾರು 800 ಟನ್ನು ಚಿನ್ನ ಈ ನೆಲದಿಂದ ಹೊರಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗಿಂತಲೂ ಆಳಕ್ಕಿಳಿದು ಲೋಕದ ಅತ್ಯಂತ ಆಳವಾದ ಗಣಿಗಳಲ್ಲೊಂದೆನಿಸಿತು. ಆದರೆ ಆ ಚಿನ್ನವನ್ನು ತೆಗೆದವರ ಮನೆಯ ಹೆಂಗಸರು ತಮ್ಮ ಮುಖಕ್ಕೆ, ಕೈಗೆ, ಕೂದಲಿಗೆ ಏನನ್ನು ಹಚ್ಚಿಕೊಂಡರು, ಅದನ್ನು ಎಲ್ಲಿಂದ ತಂದರು, ಒಳ್ಳೆಯದು ಕೆಟ್ಟದ್ದೆಂದು ಹೇಗೆ ಅರಿತರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಕಾಸುಗಳ ಲೆಕ್ಕದಲ್ಲಿ ನಡೆದ ಆ ವ್ಯವಹಾರವು ಟನ್ನುಗಳ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲವೆಂಬುದು ನಿಜ. ಆದರೂ ಒಂದು ಊರಿನ ಜೀವನವು ಯಾವುದರಿಂದ ತಿಳಿಯುವುದೆಂದು ನನ್ನನ್ನು ಕೇಳಿದರೆ, ನಾನು ಗಣಿಯ ವಾರ್ಷಿಕ ವರದಿಗಿಂತ ಮೊದಲು ಅಜ್ಜಿಯ ತಗಡಿನ ಪೆಟ್ಟಿಗೆಯನ್ನು ತೆರೆಯುವೆನು.

ಮದ್ರಾಸಿನ ಕಡೆಯಿಂದ ಬಂದ ರೈಲುದಾರಿ 1864ರಲ್ಲಿ ಬೆಂಗಳೂರು ದಂಡನ್ನು ಮುಟ್ಟಿದಾಗ ಮೈಸೂರಿನ ಚೀಫ್ ಕಮಿಷನರಾಗಿದ್ದವರು ಲೆವಿನ್ ಬೆಂಥಮ್ ಬೌರಿಂಗ್. ಅವರ ಹೆಸರನ್ನು ಹೊತ್ತ ಪೇಟೆಯೇ ಇಂದಿನ ಬಂಗಾರಪೇಟೆ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ಏಳಿಗೆಗೆ ಬಂದ ಮೇಲೆ, 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಮ್ಮಿನವರೆಗೆ ಹತ್ತು ಮೈಲಿಯ ಕವಲುದಾರಿ ತೆರೆಯಿತು. ಉತ್ತರ ಆರ್ಕಾಡು, ಚಿತ್ತೂರು, ಸೇಲಂ ಸೀಮೆಗಳಿಂದ ಗುಳೆ ಬಂದ ಕುಟುಂಬಗಳು ಆ ಗಾಡಿಯಲ್ಲಿಯೇ ಬಂದಿಳಿದು, ಬಿದಿರುತಟ್ಟಿಯ ಗೋಡೆಗಳ ಸಾಲುಮನೆಗಳಲ್ಲಿ, 'ಲೈನು'ಗಳೆಂದು ಕರೆಯಲ್ಪಟ್ಟ ಆ ಕೇರಿಗಳಲ್ಲಿ ನೆಲಸಿದವು. ಬಟವಾಡೆಯಾದ ಸಂಜೆ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಜಾತ್ರೆಯಂತೆ ತುಂಬುತ್ತಿದ್ದಿತು. ಆ ಶ್ರಮಿಕರಲ್ಲಿ ಬಹುಮಂದಿ, ಹಿಂದೆ ತಮ್ಮ ಹಳ್ಳಿಗಳಲ್ಲಿ ಏನನ್ನು ಉಡಬೇಕು, ಏನನ್ನು ತೊಡಬಾರದು ಎಂಬುದನ್ನು ಮೇಲಿನ ಜಾತಿಯವರಿಂದ ಹೇಳಿಸಿಕೊಂಡ ದಲಿತ ಸಮುದಾಯಗಳವರು. ಅಂಥ ಮನೆಯ ಹೆಣ್ಣುಮಗಳು ಅಂಗಡಿಯ ಹಲಗೆಯ ಮೇಲೆ ತನ್ನ ಗಂಡನ ಬೆವರಿನ ಕಾಸನ್ನಿಟ್ಟು, "ಆ ಸೋಪು ಕೊಡಿ" ಎಂದು ಬೆರಳು ತೋರಿಸಿ ಕೇಳಿದ್ದನ್ನು ಅಲ್ಪವಾದ ಸಂಗತಿಯೆಂದು ನಾನು ತಿಳಿಯಲಾರೆ. ಈ ಪ್ರಸಾಧನಸಾಮಗ್ರಿಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ದೃಶ್ಯವೆಂದರೆ ಅದೇ.

ಆ ಸೋಪಿಗೆ ಮೊದಲು ಇದ್ದುದು ಹೊಲ ಬೇಲಿಗಳ ಕೊಡುಗೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿಯೂ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಪರಿಮಳದ್ರವ್ಯಗಳ ವಿಚಾರವು ವಿಸ್ತಾರವಾಗಿ ಬಂದಿದೆ. ಆದರೆ ಕಸ್ತೂರಿ, ಕರ್ಪೂರ, ಅಗರುಗಳ ಆ ಲೋಕವು ಅರಮನೆಯ ಲೋಕ. ಕೋಲಾರದ ಒಣನೆಲದ ಹೆಂಗಸಿಗೆ ದೊರೆತದ್ದು ಬದುವಿನ ತಂಗಡಿಯ ಹಳದಿ ಹೂವು. ಅದನ್ನು ನೆರಳಿನಲ್ಲಿ ಒಣಗಿಸಿ, ಕಡಲೆಹಿಟ್ಟು, ಕಚ್ಚೂರ, ಕಸ್ತೂರಿ ಅರಿಸಿನಗಳೊಡನೆ ಬೀಸಿ, ಎಣ್ಣೆನೀರಿನ ದಿನ ಮೈಗೆ ತಿಕ್ಕಿಕೊಳ್ಳುತ್ತಿದ್ದರು. ತಲೆಗೆ ಹರಳೆಣ್ಣೆ, ಅದನ್ನು ತೆಗೆಯಲು ಸೀಗೆ, ತುರಿಕೆಯೆದ್ದರೆ ಹೊಂಗೆಯೆಣ್ಣೆ, ಉಗುರಿಗೆ ಗೋರಂಟಿ, ಹಣೆಗೆ ಸಬ್ಬಕ್ಕಿಯನ್ನು ಕರಿಕಾಗುವಂತೆ ಹುರಿದು ಕಾಸಿ, ತೆಂಗಿನ ಕರಟದಲ್ಲಿ ಒಣಗಿಸಿಟ್ಟ ಸಾದು. ಆ ಸಾದಿನ ಕರಟದಲ್ಲಿ ಒಂದು ಹನಿ ನೀರು ಬಿಟ್ಟು, ಬೆರಳ ತುದಿಯಿಂದ ಕದಡಿ, ತೊಟ್ಟಿಲ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟಿಡುವಾಗ ಅಜ್ಜಿಯ ಉಸಿರು ನಿಂತಂತೆ ತೋರುತ್ತಿದ್ದಿತು. ಬೊಟ್ಟು ಗುಂಡಗಾದ ಮೇಲೆಯೇ ಅವರು ಉಸಿರು ಬಿಡುತ್ತಿದ್ದರು.

ಗಣಿಯ ಕೆಳಗೆ ಇಳಿದವರ ಚರ್ಮಕ್ಕಾದರೋ ಈ ಆರೈಕೆ ಅಲಂಕಾರವಾಗಿರಲಿಲ್ಲ, ಅವಶ್ಯಕತೆಯಾಗಿದ್ದಿತು. ಚಾಂಪಿಯನ್ ರೀಫಿನ ತಳದಲ್ಲಿ ಬಂಡೆಯ ಉಷ್ಣವು 65 ಡಿಗ್ರಿ ಸೆಲ್ಸಿಯಸನ್ನು ಮೀರುತ್ತಿದ್ದಿತು. ಬೆವರು, ಕಲ್ಲಿನ ಧೂಳು, ಜಿನುಗುವ ನೀರು ಇವುಗಳಲ್ಲಿ ದಿನವೆಲ್ಲ ನೆಂದ ಮೈಯಲ್ಲಿ ಬೆವರುಸಾಲೆ ಏಳದಿದ್ದರೆ ಅದೇ ವಿಶೇಷ. ಚಾಂಪಿಯನ್ ರೀಫಿನ ಲೈನಿನಲ್ಲಿದ್ದ ನನ್ನ ದೊಡ್ಡಮ್ಮನ ಮನೆಯಲ್ಲಿ, ದೊಡ್ಡಪ್ಪ ಪಾಳಿ ಮುಗಿಸಿ ಬಂದೊಡನೆ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಕೆಂಪು ಲೈಫ್‌ಬಾಯ್ ಸೋಪಿನಿಂದ ಉಜ್ಜಿಕೊಳ್ಳುತ್ತಿದ್ದರು. ಆ ಕಾರ್ಬಾಲಿಕ್ ವಾಸನೆ ಇಂದಿಗೂ ಎಲ್ಲಿಯಾದರೂ ಮೂಗಿಗೆ ತಾಗಿದರೆ, ನನಗೆ ಗಣಿಯ ಕೂಗು ಕೇಳಿದಂತಾಗುತ್ತದೆ. ಶ್ರಮಿಕರ ಚರ್ಮದಿಂದಲೇ ಹುಟ್ಟಿದ ಸೋಪೂ ಒಂದುಂಟು: ಮದ್ರಾಸಿನ ರೈಲ್ವೆ ಆಸ್ಪತ್ರೆಯಲ್ಲಿದ್ದ ವೈದ್ಯ ವಿ. ಪಿ. ಸಿದ್ಧನ್ ಅವರು, ಎಣ್ಣೆ ಮಸಿಗಳಲ್ಲಿ ಕೆಲಸ ಮಾಡಿ ಚರ್ಮರೋಗಕ್ಕೆ ಒಳಗಾದ ರೈಲ್ವೆ ಕಾರ್ಮಿಕರಿಗಾಗಿ ಮನೆತನದ ಆಯುರ್ವೇದ ತೈಲವನ್ನು ಸೋಪಿನ ರೂಪಕ್ಕೆ ತಂದು, 1969ರಲ್ಲಿ ಮೆಡಿಮಿಕ್ಸ್ ಎಂಬ ಹೆಸರಿನಿಂದ ಮಾರಾಟಕ್ಕಿಟ್ಟರು.

ದೊಡ್ಡಮ್ಮನ ಸೋಪು ಬೇರೆ. ಮೊದಲನೆಯ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿ, ಮೈಸೂರಿನ ಶ್ರೀಗಂಧದ ಕೊರಡುಗಳು ಕೊಳ್ಳುವವರಿಲ್ಲದೆ ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಗಂಧದೆಣ್ಣೆ ಇಳಿಸುವ ಉದ್ಯಮವನ್ನು ಆರಂಭಿಸಿತು. ಇಂಗ್ಲೆಂಡಿಗೆ ಹೋಗಿ ಸೋಪಿನ ಶಾಸ್ತ್ರವನ್ನು ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಪೇಟೆಗೆ ಬಂದಿತು. ಒಡವೆಯ ಪೆಟ್ಟಿಗೆಯನ್ನು ಹೋಲುವ ರಟ್ಟಿನ ಪೆಟ್ಟಿಗೆಯಲ್ಲಿ, ಶರಭದ ಲಾಂಛನವನ್ನು ಹೊತ್ತ ಅಂಡಾಕಾರದ ಆ ಬಿಲ್ಲೆಯನ್ನು ಇರಿಸಿ ಮಾರಿದ ಶಾಸ್ತ್ರಿಗಳ ಯೋಚನೆಯನ್ನು ಚಿನ್ನದ ಗಣಿಯ ಹೆಂಗಸರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರಿರಲಾರರು. ವರ್ಷಕ್ಕೊಮ್ಮೆ, ದೀಪಾವಳಿಗೆ ಕೊಂಡ ಆ ಸೋಪನ್ನು ದೊಡ್ಡಮ್ಮ ಮೊದಲ ಆರು ತಿಂಗಳು ಟ್ರಂಕಿನ ರೇಷ್ಮೆಸೀರೆಯ ಮಡಿಕೆಯೊಳಗೆ ಇಡುವರು. ಸೀರೆಗೆ ಗಂಧ ಹಿಡಿದ ಮೇಲೆಯೇ ಸೋಪು ಬಚ್ಚಲಿಗೆ ಹೋಗುತ್ತಿದ್ದಿತು.

ಸ್ನೋ ಎಂಬುದು ಬಂದದ್ದು ಇದರ ಬೆನ್ನಲ್ಲೇ. ಮುಂಬಯಿಯ ಇ. ಎಸ್. ಪಾಟನ್‌ವಾಲಾ ಅವರು 1919ರಲ್ಲಿ ಹೊರತಂದ ಅಫ್ಘಾನ್ ಸ್ನೋ ದೇಶದ ಮೂಲೆಮೂಲೆಗಳನ್ನು ಮುಟ್ಟಿತು. ಸ್ಟಿಯರಿಕ್ ಆಮ್ಲವೆಂಬ ಕೊಬ್ಬಿನ ಅಂಶವನ್ನು ಕರಗಿಸಿ, ಅದರ ಸ್ವಲ್ಪ ಭಾಗ ಮಾತ್ರ ಸೋಪಾಗುವಷ್ಟು ಕ್ಷಾರವನ್ನು ಬೆರಸಿ, ಉಳಿದುದನ್ನು ನೀರಿನೊಡನೆ ಕಡೆದರೆ ದೊರೆಯುವ ಬಿಳಿಯ ಮೃದುದ್ರವ್ಯವೇ ಸ್ನೋ. ಹಚ್ಚಿದೊಡನೆ ನೀರು ಆರಿ, ತೆಳುವಾದ ಪದರ ಉಳಿದು, ಬಿಳುಪು ಕಾಣದಂತಾಗುವುದರಿಂದ ಹಿಮದ ಹೆಸರು ಅದಕ್ಕೆ ಒಪ್ಪುವುದು. 1952ರಲ್ಲಿ ಟಾಟಾದವರ ಲ್ಯಾಕ್ಮೆ ಹುಟ್ಟಿದಾಗ, ವಿದೇಶದ ಪ್ರಸಾಧನಗಳಿಗೆ ಹೋಗುತ್ತಿದ್ದ ಹಣವನ್ನು ಒಳಗೇ ಉಳಿಸಬೇಕೆಂಬ ನೆಹರೂ ಅವರ ಆಶಯವು ಅದರ ಹಿಂದೆ ಇದ್ದಿತು. ಆದರೆ ನಮ್ಮ ಮನೆಗಳಿಗೆ ಲ್ಯಾಕ್ಮೆಯ ಬೆಲೆ ದೂರದ ಮಾತು. ಲೈನಿನ ನಾಲ್ಕು ಮನೆಗಳ ಹೆಣ್ಣುಮಕ್ಕಳು ಕಾಸು ಕೂಡಿಸಿ ಒಂದು ಸೀಸೆ ಸ್ನೋ ಕೊಂಡು, ಮದುವೆಯೋ ಹಬ್ಬವೋ ಬಂದಾಗ ಅದನ್ನು ಮನೆಯಿಂದ ಮನೆಗೆ ಕೈಬದಲಾಯಿಸುತ್ತಿದ್ದರು. ಸೀಸೆ ಮುಗಿದ ಮೇಲೆ ಅದರಲ್ಲಿ ಕುಂಕುಮ ತುಂಬುವ ಹಕ್ಕು ಯಾರದೆಂಬುದು ಮೊದಲೇ ನಿಶ್ಚಿತವಾಗಿರುತ್ತಿದ್ದಿತು.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಗಣಿಯು ಚಿನ್ನವನ್ನು ಹಿಡಿಯಲು ಬಳಸಿದ ದ್ರವ್ಯಗಳೂ ಮನುಷ್ಯರು ಮುಖಕ್ಕೆ ಹಚ್ಚಿದ ದ್ರವ್ಯಗಳೂ ಪರಸ್ಪರ ದೂರದವುಗಳಲ್ಲ. ಅದುರನ್ನು ಪುಡಿಗೈದು, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ನೀರಿನೊಡನೆ ಹರಿಸಿದರೆ ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುವುವು. ತಪ್ಪಿಸಿಕೊಂಡವುಗಳನ್ನು ಸೈನೈಡಿನಲ್ಲಿ ಕರಗಿಸಿ, ಸತುವಿನಿಂದ ಮತ್ತೆ ಹೊರಗೆಳೆಯುವರು. ಹಾಗೆ ಚಿನ್ನ ಕಳೆದುಕೊಂಡ ಪುಡಿಯ ದಿಬ್ಬಗಳೇ ಇಂದಿಗೂ ಊರ ಮೇಲೆ ನಿಂತಿರುವ ಸೈನೈಡ್ ಗುಡ್ಡಗಳು. ಸತುವಿನ ಭಸ್ಮವೇ ಕ್ಯಾಲಮೈನಿನಲ್ಲಿಯೂ ನಾಟಕದ ಪಾತ್ರಧಾರಿಯ ಬಿಳಿಯ ಬಣ್ಣದಲ್ಲಿಯೂ ಇರುವುದು. ಬಯಲಾಟದ ಬಣ್ಣಗಾರರು ಹಳದಿಗೆ ಬಳಸುತ್ತಿದ್ದ ಅರ್ದಾಳವು ಶಂಖಪಾಷಾಣದ ಸಂಯುಕ್ತ; ಕೆಂಪಿಗೆ ಬಳಸುತ್ತಿದ್ದ ಇಂಗಳೀಕವು ಪಾದರಸದ್ದು. ಕೋಲಾರ ಸೀಮೆಯ ಕೇಳಿಕೆಯ ಮೇಳಗಳಲ್ಲಿ ರಾತ್ರಿಯೆಲ್ಲ ಕುಣಿದು ಬೆಳಗಿನ ಜಾವ ಕೊಬ್ಬರಿ ಎಣ್ಣೆಯಿಂದ ಬಣ್ಣ ತೆಗೆಯುತ್ತಿದ್ದ ವೇಷಧಾರಿಯ ಕಣ್ಣಂಚು ಉರಿದು ಕೆಂಪಾಗಿರುವುದನ್ನು ಬಾಲ್ಯದಲ್ಲಿ ನಾನು ನಿದ್ದೆಗೆಟ್ಟದ್ದರ ಗುರುತೆಂದೇ ತಿಳಿದಿದ್ದೆ.

ಪಾದರಸದ ಅಪಾಯವು ವೇಷಧಾರಿಗಳೊಂದಿಗೆ ಮುಗಿಯಲಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುವ ಶಕ್ತಿ ಅದಕ್ಕಿರುವುದರಿಂದ, ಮುಖವನ್ನು ಬೆಳ್ಳಗೆ ಮಾಡುವೆವೆಂದು ಹೇಳುವ ಅಗ್ಗದ ಲೇಪಗಳಲ್ಲಿ ಅದನ್ನು ಬೆರಸುವವರು ಹುಟ್ಟಿಕೊಂಡರು. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುವುದು ಅದರ ಇನ್ನೊಂದು ಶಕ್ತಿ. ದೊಡ್ಡಮ್ಮನ ಕಿರಿಯ ಮಗಳ ಮದುವೆಗೆ ತಿಂಗಳಿರುವಾಗ, ಹೆಸರಾಗಲಿ ವಿಳಾಸವಾಗಲಿ ಇಲ್ಲದ ಡಬ್ಬಿಯೊಂದನ್ನು ಯಾರೋ ತಂದುಕೊಟ್ಟು, ಹದಿನೈದು ದಿನದಲ್ಲಿ ಮುಖ ಹಾಲಿನಂತಾಗುವುದೆಂದರು. ಮುಂಗೈಯ ಪರೀಕ್ಷೆಯನ್ನು ಆ ಒಂದು ಸಲ ಮರೆತರು. ಕೆನ್ನೆಯ ಮೇಲೆ ಎದ್ದ ಉರಿ ಇಳಿದು ಕಪ್ಪು ಕಲೆಯಾಗಿ, ಅಕ್ಕ ಮದುವೆಯ ಫೋಟೋದಲ್ಲಿ ಮುಖವನ್ನು ಬಲಕ್ಕೆ ತಿರುಗಿಸಿ ನಿಂತಿದ್ದಾರೆ. ಆ ಫೋಟೋವನ್ನು ನೋಡಿದಾಗಲೆಲ್ಲ, ಕಪ್ಪುಮೈಯ ಹುಡುಗಿಗೆ ಅವಳ ಮೈಬಣ್ಣವೇ ದೋಷವೆಂದು ನಂಬಿಸಿದ ನಮ್ಮ ಸಮಾಜದ ಮೇಲೆ ನನಗೆ ಬರುವ ಕೋಪವು, ಆ ಡಬ್ಬಿಯನ್ನು ಮಾಡಿದವನ ಮೇಲೆ ಬರುವ ಕೋಪಕ್ಕಿಂತ ಹೆಚ್ಚು. 1940ರ ಔಷಧ ಕಾಯಿದೆಯ ವ್ಯಾಪ್ತಿಗೆ 1962ರ ತಿದ್ದುಪಡಿಯಿಂದ ಪ್ರಸಾಧನಸಾಮಗ್ರಿಗಳೂ ಸೇರಿದವು. 2013ರ ಮಿನಮಾಟ ಒಪ್ಪಂದವು ಪಾದರಸ ಬೆರಸಿದ ಲೇಪಗಳನ್ನು ಲೋಕದಿಂದಲೇ ದೂರಮಾಡಲು ಹೊರಟಿತು. ನಮ್ಮಲ್ಲಿ 2020ರ ನಿಯಮಗಳು ಅಂಥ ಲೇಪಗಳ ತಯಾರಿಕೆಯನ್ನು ನಿಷೇಧಿಸಿವೆ. ಡಬ್ಬಿಯ ತಳದಲ್ಲಿ ತಯಾರಕರ ವಿಳಾಸ, ಪರವಾನಗಿಯ ಸಂಖ್ಯೆ, ಒಳಗಿನ ದ್ರವ್ಯಗಳ ಪಟ್ಟಿ, ಅವಧಿ ಮುಗಿಯುವ ದಿನ ಇವು ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಮುಟ್ಟಬಾರದೆಂದು ನನ್ನ ತಂಗಿಯ ಮಗಳು ತನ್ನ ಗೆಳತಿಯರಿಗೆ ಹೇಳುವುದನ್ನು ಕೇಳಿದ್ದೇನೆ.

ಗಣಿಯ ದ್ರವ್ಯಗಳಲ್ಲಿ ನಿರಪಾಯವಾದ, ಚೆಲುವಾದ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಬಂಡೆಗಳ ನಡುವೆ ಹಾಳೆಹಾಳೆಯಾಗಿ ಮಿನುಗುವ ಅಭ್ರಕಕ್ಕೆ ನಮ್ಮಲ್ಲಿ ಕಾಗೆಬಂಗಾರವೆಂದು ಹೆಸರು. ಮಕ್ಕಳಾಗಿದ್ದಾಗ ಅದನ್ನು ಉಗುರಿನಿಂದ ಎಬ್ಬಿಸಿ, ಪುಡಿಮಾಡಿ, ಕೆನ್ನೆಗೆ ತಿಕ್ಕಿಕೊಂಡು ರಾಜ ರಾಣಿಯರಾಗುತ್ತಿದ್ದೆವು. ಇಂದು ಕಣ್ರೆಪ್ಪೆಗೆ ಹಚ್ಚುವ ಹೊಳಪಿನ ಪುಡಿಯಲ್ಲಿ ಮಿನುಗುವುದೂ ಬಹುಮಟ್ಟಿಗೆ ಅದೇ ಅಭ್ರಕ. ನಿಜವಾದ ಬಂಗಾರವು ಲಂಡನ್ನಿಗೂ ಸರ್ಕಾರದ ಖಜಾನೆಗೂ ಹೋಯಿತು. ಕಾಗೆಬಂಗಾರವು ಮಕ್ಕಳ ಕೆನ್ನೆಯ ಮೇಲೆ ಉಳಿಯಿತು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ 1962ರಲ್ಲಿ ಕೇಂದ್ರದ ವಶಕ್ಕೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಸಂಬಳ ನಿಂತ ಮನೆಗಳಲ್ಲಿ ಮೊದಲು ನಿಂತದ್ದು ಹೆಂಗಸರ ಈ ಸಣ್ಣ ಖರ್ಚೇ. ಸೀಸೆಗಳ ಜಾಗಕ್ಕೆ ಪೊಟ್ಟಣಗಳು ಬಂದಿದ್ದವು. ಕಡಲೂರಿನ ಚಿನ್ನಿಕೃಷ್ಣನ್ ಅವರಿಗೆ ಹೊಳೆದ ಪೊಟ್ಟಣದ ಉಪಾಯವು, ಅವರ ಮಕ್ಕಳ ಕೈಯಲ್ಲಿ 1980ರ ದಶಕದಲ್ಲಿ ಬೆಳೆದು, ಒಂದು ಸ್ನಾನಕ್ಕೆ ಬೇಕಾದಷ್ಟು ಶಾಂಪೂವನ್ನು ಚಿಲ್ಲರೆಕಾಸಿಗೆ ಹಳ್ಳಿಯ ಅಂಗಡಿಯ ತೋರಣವನ್ನಾಗಿ ಮಾಡಿದ್ದಿತು. ಪೊಟ್ಟಣವನ್ನು ಬಡವರಿಗಾಗಿ ಮಾಡಿದ ಚಿಕ್ಕ ವಸ್ತುವೆಂದಷ್ಟೇ ನೋಡಬಾರದು. ಇಡೀ ಸೀಸೆಯ ಹಣ ಕಳೆದುಕೊಳ್ಳದೆ ವಸ್ತುವನ್ನು ಪರೀಕ್ಷಿಸುವ ಅವಕಾಶವನ್ನು ಅದು ಮೊದಲ ಬಾರಿಗೆ ಕೊಟ್ಟಿತು. ಪ್ಲಾಸ್ಟಿಕ್ ಚರಂಡಿ ಸೇರಿದ್ದು ಅದರ ಇನ್ನೊಂದು ಮುಖ.

ಕುಂಚವಾದರೋ ಈ ಪರಂಪರೆಗೆ ತೀರ ಹೊಸದು. ಮುಖಕ್ಕೆ ಬೆರಳು, ಕಣ್ಣಿಗೆ ಕಾಡಿಗೆಯ ಬೆರಳು, ತಿಲಕಕ್ಕೆ ಕಡ್ಡಿ. ಕುಂಚವೇನಿದ್ದರೂ ಚಿತ್ರಗಾರನ ಸೊತ್ತು. ಮೈಸೂರು ಸಂಪ್ರದಾಯದ ಚಿತ್ರಗಾರರು ಅಳಿಲಿನ ಬಾಲದ ಕೂದಲಿನಿಂದ ತಮ್ಮ ಸೂಕ್ಷ್ಮ ಕುಂಚಗಳನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಉತ್ತರಪ್ರದೇಶದ ಶೇರ್ಕೋಟ್ ಎಂಬ ಊರು ಕುಂಚಗಳ ತಯಾರಿಕೆಯಿಂದಲೇ ಬದುಕುತ್ತಿದೆ. ಮುಂಗುಸಿಯ ಕೂದಲಿನ ಕುಂಚಗಳನ್ನು ವನ್ಯಜೀವಿ ಕಾಯಿದೆ ನಿಷೇಧಿಸಿರುವುದರಿಂದ, ಅಂಥದ್ದು ಕಂಡರೆ ಕೊಳ್ಳದಿರುವುದೇ ಧರ್ಮ. ನೈಲಾನಿನ ಎಳೆಗಳು ಬಂದ ಮೇಲೆಯೇ ಮುಖದ ಕುಂಚವು ಸಾಮಾನ್ಯರ ಕೈಗೆ ನಿಲುಕಿತು. ತಳ್ಳುಗಾಡಿಯವನ ಎರಡನೆಯ ಕಟ್ಟಿನಿಂದ ಐದು ಕುಂಚಗಳನ್ನು ಕೊಂಡು ಮನೆಗೆ ಬಂದ ತಂಗಿಯ ಮಗಳು, ಮೊದಲು ಪ್ರತಿಯೊಂದರ ಲೋಹದ ಕಟ್ಟನ್ನು ಹಿಡಿದು ಅಲುಗಾಡಿಸಿದಳು. ಒಂದು ಸಡಿಲವಾಗಿದ್ದಿತು, ಅದನ್ನು ಬದಿಗಿಟ್ಟಳು. ಉಳಿದವುಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಹನಿ ಶಾಂಪೂ ಹಾಕಿ ಅಂಗೈಯಲ್ಲಿ ತಿರುವಿದಾಗ ಒಂದರಿಂದ ಕಂದುಬಣ್ಣ ಇಳಿಯಿತು. "ಇದು ಕೆನ್ನೆಗೆ ಬೇಡ ಮಾವ, ನಿಮ್ಮ ಪುಸ್ತಕದ ಧೂಳು ಹೊಡೀರಿ" ಎಂದು ಅದನ್ನು ನನಗೆ ಕೊಟ್ಟಳು. ಮಿಕ್ಕ ಮೂರನ್ನು, ನೀರು ಅಂಟಿನೊಳಗೆ ಇಳಿಯದಂತೆ, ತುದಿ ಕೆಳಗಾಗಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪಿನಿಂದ ತೂಗುಹಾಕಿದಳು. ಹೊಸ ಕ್ರೀಮನ್ನು ಮುಂಗೈಯ ಒಳಭಾಗಕ್ಕೆ ಕಡಲೆಯಷ್ಟು ಹಚ್ಚಿ, ಎರಡು ದಿನ ಕಾಯುವೆನೆಂದಳು. ಅಜ್ಜಿಯನ್ನು ಅವಳು ಕಂಡಿರಲಿಲ್ಲ.

ಮರುವಾರ ನಾನೂ ಅವಳೊಡನೆ ಬೆಳಗಿನ ಗಾಡಿಯಲ್ಲಿ ಬೆಂಗಳೂರಿಗೆ ಹೊರಟೆನು. ಮಾರಿಕುಪ್ಪಮ್ಮಿನಿಂದ ಕತ್ತಲಲ್ಲೇ ಹೊರಟು, ಚಾಂಪಿಯನ್, ಊರಿಗಾಂ, ಕೋರಮಂಡಲಗಳಲ್ಲಿ ತುಂಬಿಕೊಂಡು ಬರುವ ಆ ಗಾಡಿಯಲ್ಲಿ, ಗಣಿಯಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ರಾಜಧಾನಿಯ ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ ದುಡಿಯಲು ಹೋಗುವರು. ಬಂಗಾರಪೇಟೆ ದಾಟಿದ ಮೇಲೆ ಹೆಣ್ಣುಮಕ್ಕಳ ಚೀಲಗಳು ತೆರೆದವು. ಕೂದಲು ಬಾಚುವುದು, ಪೌಡರು ಸವರುವುದು ಓಡುವ ಗಾಡಿಯಲ್ಲಿಯೇ ನಡೆಯಿತು. ಒಬ್ಬಳ ಕನ್ನಡಿಯನ್ನು ಇನ್ನೊಬ್ಬಳು ಹಿಡಿದಳು. ಒಂದೇ ಕುಂಚ ಮೂವರ ಕೈಗೆ ಹೋಗಿ ಬರುವಾಗ ಪ್ರತಿಸಲವೂ ಕರವಸ್ತ್ರದಲ್ಲಿ ಒರೆಸಲ್ಪಟ್ಟಿತು. ಕಣ್ಣಿನ ರೇಖೆಗೆ ಮಾತ್ರ ಯಾರೂ ಕೈಹಾಕಲಿಲ್ಲ. ಟ್ಯಾಕಲ್ಲಿನಲ್ಲಿ ಗಾಡಿ ನಿಂತೊಡನೆ ಏಳೆಂಟು ಕೈಗಳು ಒಮ್ಮೆಗೇ ಮೇಲೆದ್ದು, ಏಳೆಂಟು ಎಡಗಣ್ಣುಗಳಿಗೆ ರೇಖೆಯೆಳೆದವು. ಸಿಳ್ಳು ಕೇಳಿಸಿತು, ಕೈಗಳು ಇಳಿದವು. ಬಲಗಣ್ಣಿಗೆ ಅವರು ಮಾಲೂರು ಬರುವವರೆಗೆ ಕಾದರು.